ಐದನೆಯ ಒಡ್ಡು

ಸೋಲುವುದು ನನಗೆ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಈ ಕೆಟ್ಟ ಗುಣದಿಂದಲೇ ಆದದ್ದು. ದೇವದುರ್ಗದ ಶಾಲೆಯಲ್ಲಿ ಮಕ್ಕಳಿಗೆ ಸೋತರೂ ನಗಬೇಕು ಎಂದು ಹೇಳಿಕೊಡುತ್ತೇನೆ. ಮನೆಗೆ ಬಂದು ನನ್ನ ಅರವತ್ತು ಎಲೆಗಳನ್ನು ಚಾಪೆಯ ಮೇಲೆ ಹರವಿಕೊಂಡು, ಯಾವ ಎಲೆಯಿಂದ ಸೋತೆ ಎಂದು ಮುಖ ಗಂಟು ಹಾಕಿಕೊಂಡು ಹುಡುಕುತ್ತೇನೆ.

ಎಲೆ ಎಂದರೆ ಇಸ್ಪೀಟಲ್ಲ. ಪ್ರಾಣಿ, ಮಂತ್ರ, ಕೋಟೆ, ಬಲೆ ಎಂದು ಒಂದೊಂದು ಎಲೆಗೆ ಒಂದೊಂದು ಕೆಲಸವಿರುವ ಆಟ ಇದು. ಸಾವಿರಾರು ಎಲೆಗಳಲ್ಲಿ ನಮಗೆ ಬೇಕಾದ ಅರವತ್ತನ್ನು ಆರಿಸಿ ನಮ್ಮದೇ ಕಟ್ಟು ಕಟ್ಟಿಕೊಳ್ಳಬೇಕು. ನಿಯಮ ಎರಡೇ: ಕಟ್ಟಿನಲ್ಲಿ ಅರವತ್ತಕ್ಕಿಂತ ಒಂದು ಎಲೆ ಕಡಿಮೆಯಿದ್ದರೂ ಆಡುವಂತಿಲ್ಲ, ಒಂದೇ ಎಲೆ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಎದುರಿನವರ ಇಪ್ಪತ್ತು ಜೀವ ಕಳೆದರೆ ಗೆದ್ದಂತೆ. ಆಡುವುದು ಅರ್ಧ ತಾಸು, ಕಟ್ಟು ತಿದ್ದುವುದು ತಿಂಗಳುಗಟ್ಟಲೆ. ಹುಚ್ಚು ಹಿಡಿಸುವುದು ಆ ತಿದ್ದುವ ಕೆಲಸವೇ.

ಈ ಹುಚ್ಚು ನಮಗೆ ಹಿಡಿದದ್ದು ರಾಯಚೂರಿನ ಹಾಸ್ಟೆಲಿನಲ್ಲಿ. ನಾನು ಯಾಪಲದಿನ್ನಿಯಿಂದ ಶಿಕ್ಷಕರ ತರಬೇತಿಗೆ ಬಂದವಳು. ಅವಳು, ನನ್ನ ಕೋಣೆಯ ಗೆಳತಿ, ಮಲ್ಲಟದಿಂದ ನರ್ಸಿಂಗ್ ಓದಲು ಬಂದವಳು. ಇಬ್ಬರ ಮನೆಯಲ್ಲೂ ಕೂಲಿ ಮಾಡುವವರೇ. ಪುಸ್ತಕ ಹಿಡಿದವರಲ್ಲಿ ನಾವೇ ಮೊದಲು. ಆಡುತ್ತಾ ಕೂಡುವುದು ನಮ್ಮ ಮನೆಗಳಲ್ಲಿ ಯಾರೂ ಕಲಿಯದ ವಿದ್ಯೆ. ಒಂದು ಭಾನುವಾರ ಅವಳು ಫೋನಿನಲ್ಲಿ ಯಾವುದೋ ದೇಶದ ಇಬ್ಬರು ಈ ಆಟ ಆಡುವ ವಿಡಿಯೊ ನೋಡುತ್ತಾ, ಅನ್ನದ ತಟ್ಟೆ ಹಾಗೇ ಬಿಟ್ಟು, "ಲೇ, ಇಲ್ನೋಡ ಬೇ, ಇವರು ಎಲಿ ಹಿಡ್ಕೊಂಡು ಯುದ್ಧ ಮಾಡಾಕತ್ತಾರ" ಎಂದಳು. ಅಸಲಿ ಎಲೆಗಳ ಬೆಲೆ ಕೇಳಿ ಇಬ್ಬರೂ ನಕ್ಕೆವು. ಹಾಸ್ಟೆಲಿನಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದುಗಡೆ ಪೆನ್ನಿನಿಂದ ಬರೆದು, ಮೊದಲ ಕಟ್ಟು ಮಾಡಿಕೊಂಡೆವು. ಎಲೆಗಳ ಹೆಸರು ನಾಲಿಗೆಗೆ ತಿರುಗುತ್ತಿರಲಿಲ್ಲವಾದ್ದರಿಂದ ನಮ್ಮದೇ ಹೆಸರಿಟ್ಟೆವು. ಪತ್ರಿಕೆಯ ಮೂಲೆಗೆ ಹಚ್ಚಿದ ಅರಿಸಿನದ ಗುರುತು ನೋಡಿ, ಅವಳ ಕೈಯಲ್ಲಿ ಯಾವ ಎಲೆ ಇದೆ ಎಂದು ನಾನು ಕಂಡುಹಿಡಿಯುತ್ತಿದ್ದೆ. ಅದು ಅವಳಿಗೆ ಗೊತ್ತಾಗಲು ಮೂರು ವಾರ ಬೇಕಾಯಿತು. ಗೊತ್ತಾದ ದಿನ ನನ್ನ ಜಡೆ ಹಿಡಿದು ಎಳೆದಿದ್ದಳು. ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಚಿತ್ರ ಛಾಪಿಸಿ, ಎಲೆಯಳತೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದೊಂದು ಇಸ್ಪೀಟೆಲೆಯ ಮುಂದೆ ಇಟ್ಟು ಆಡತೊಡಗಿದೆವು.

ಓದು ಮುಗಿದು ನನಗೆ ದೇವದುರ್ಗದಲ್ಲಿ ಕೆಲಸ ಸಿಕ್ಕಿತು, ಅವಳಿಗೆ ರಾಯಚೂರಿನ ಆಸ್ಪತ್ರೆಯೊಂದರಲ್ಲಿ. ತಿಂಗಳ ಎರಡನೆಯ ಭಾನುವಾರ ಅವಳು ಮಲ್ಲಟಕ್ಕೆ ಹೋಗಿ ಅಪ್ಪ ಅವ್ವನ ಮುಖ ನೋಡಿ, ವಾಪಸು ಬರುವಾಗ ಮಾನ್ವಿಯಲ್ಲಿ ಇಳಿಯುತ್ತಿದ್ದಳು. ನಾನು ಸಿರವಾರದ ಮೇಲೆ ಹಾಯ್ದು ಅಲ್ಲಿಗೆ ಬರುತ್ತಿದ್ದೆ. ಬಸ್ ನಿಲ್ದಾಣದ ಹಿಂದೆ ಒಬ್ಬ ವಯಸ್ಸಾದ ಹೆಂಗಸಿನ ಖಾನಾವಳಿ. ಊಟದ ಗದ್ದಲ ಮುಗಿದ ಮೇಲೆ ಗೋಡೆ ಪಕ್ಕದ ಮೇಜು ನಮ್ಮದು. ಒಮ್ಮೆ ಊಟಕ್ಕೆ ಬಂದ ಪೊಲೀಸಪ್ಪನೊಬ್ಬ ನಮ್ಮ ಕೈಯಲ್ಲಿನ ಇಸ್ಪೀಟೆಲೆಯ ಬೆನ್ನು ನೋಡಿ ಮೀಸೆ ತಿರುವುತ್ತಾ ಬಂದ. ಖಾನಾವಳಿಯ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು: "ಅದು ರೊಕ್ಕದ ಆಟ ಅಲ್ರೀ ಸಾಹೇಬ್ರ. ಹುಚ್ಚರ ಆಟ. ನೀವು ಉಣ್ಣ ಬರ್ರಿ."

ಅವಳ ಕಟ್ಟು ಇರುವೆಗಳದ್ದು. ಒಂದೊಂದು ಬಲದ ಸಣ್ಣ ಸಣ್ಣ ಪ್ರಾಣಿಗಳು, ಆದರೆ ಸುರಿಮಳೆಯಂತೆ ಬರುತ್ತಿದ್ದವು. ಐದಾರು ಸರದಿಯಲ್ಲಿ ನನ್ನ ಜೀವ ತಿಂದು ಮುಗಿಸುತ್ತಿದ್ದವು. ನನ್ನ ಕಟ್ಟು ನಿಧಾನದ್ದು, ದೊಡ್ಡ ಪ್ರಾಣಿಗಳದ್ದು. ಅವು ಏಳುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಸತತ ನಾಲ್ಕು ತಿಂಗಳು ಸೋತು, ಬಸ್ಸಿನಲ್ಲಿ ಅಳುವೇ ಬಂದು, ಕೊನೆಗೆ ಹುಡುಕಿ ತಂದ ಎಲೆಯೇ ಒಡ್ಡು. ಆ ಹೆಸರು ನಾನಿಟ್ಟದ್ದು. ಒಂದು ಬಲದ ಪ್ರಾಣಿಗಳು ಅಂಗಳದಲ್ಲಿ ಎಷ್ಟೇ ಇರಲಿ, ಒಡ್ಡು ಹಾಕಿದರೆ ಎಲ್ಲವೂ ಆಟದಿಂದಲೇ ಆಚೆ. ಎದುರಿಗೆ ಎರಡು ಬಲದ ಪ್ರಾಣಿ ನಿಂತರೆ ಮಾತ್ರ ಅದು ಬರೀ ಕಾಗದ. ಮೊದಲು ಒಂದು ಹಾಕಿಕೊಂಡೆ. ಆಮೇಲೆ ಎರಡು. ವರ್ಷ ತುಂಬುವಷ್ಟರಲ್ಲಿ ನಾಲ್ಕೂ ಹಾಕಿಕೊಂಡಿದ್ದೆ.

ಅವಳೇನು ಸುಮ್ಮನಿರುವವಳೇ? ಐದನೆಯ ಸರದಿಗೆ ನಾನು ಒಡ್ಡು ಹಾಕುತ್ತೇನೆಂದು ಲೆಕ್ಕ ಮಾಡಿ, ಆಮೇಲೆ ಇಳಿಸಲೆಂದು ಕೈಯಲ್ಲಿ ಎರಡು ಇರುವೆ ಉಳಿಸಿಕೊಳ್ಳತೊಡಗಿದಳು. ನಾನು ಆರನೆಯದಕ್ಕೆ ಮುಂದೂಡಿದೆ. ಅದನ್ನೂ ಕಂಡುಹಿಡಿದಳು. ನನಗೆ ಒಡ್ಡು ಬಂದರೆ ಎಡಗಣ್ಣು ಸಣ್ಣದಾಗುತ್ತದಂತೆ. ಉಳಿಸಿಕೊಂಡ ಎರಡು ಎಲೆಗಳನ್ನು ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಾ, "ಹಾಕ್ಬಿಡ ಬೇ, ಯಾಕ ಒದ್ದಾಡಾಕತ್ತಿ" ಎನ್ನುತ್ತಿದ್ದಳು. ತಿಂಗಳಿಡೀ ಶಾಲೆಯಲ್ಲಿ, ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ ನಾನು ಯೋಚಿಸುತ್ತಿದ್ದದ್ದು ಅವಳ ಆ ಎರಡು ಇರುವೆಗಳನ್ನೇ. ಅವಳೂ ಡ್ಯೂಟಿಯಲ್ಲಿ ಇಂಜೆಕ್ಷನ್ ಕೊಡುವಾಗ ನನ್ನ ಒಡ್ಡಿನ ಬಗ್ಗೆ ಯೋಚಿಸುತ್ತಿದ್ದಳಂತೆ. ರೋಗಿಗಳ ಪುಣ್ಯ ದೊಡ್ಡದು. ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ, ಆಮೇಲೂ ಇಲ್ಲ. ಆದರೆ ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ರಾಯಚೂರಿನಲ್ಲಿ ಕೆಲವು ಕಾಲೇಜು ಹುಡುಗ ಹುಡುಗಿಯರು ಸೇರಿ ಈ ಆಟದ ಸ್ಪರ್ಧೆ ಇಟ್ಟರು. ಛಾಪಿಸಿದ ಎಲೆಯೂ ನಡೆಯುತ್ತದೆ ಎಂದು ಕೇಳಿಕೊಂಡು ಇಬ್ಬರೂ ಹೆಸರು ಕೊಟ್ಟೆವು. ಐದು ವರ್ಷ ತಿದ್ದಿದ ಕಟ್ಟುಗಳು, ನಮ್ಮನ್ನು ತಡೆಯುವವರು ಯಾರು ಎಂಬ ಜಂಬ. ನಾಲ್ಕು ಆಟ ಆಡಿದೆ, ನಾಲ್ಕೂ ಸೋತೆ. ಅವಳು ಒಂದು ಗೆದ್ದಳು. ಅಲ್ಲಿ ಇರುವೆಗಳ ಕಟ್ಟು ಯಾರ ಬಳಿಯೂ ಇರಲಿಲ್ಲ. ಎಲ್ಲರದೂ ಎರಡು ಬಲ, ಮೂರು ಬಲದ ಪ್ರಾಣಿಗಳು. ನನ್ನ ಒಡ್ಡುಗಳು ಬಂದು ಬಂದು ಕೈಯಲ್ಲೇ ಕುಳಿತವು. ಕೊನೆಯ ಆಟದಲ್ಲಿ ಕರ್ನೂಲಿನಿಂದ ಬಂದಿದ್ದ ಹುಡುಗಿಯೊಬ್ಬಳು ಗೆದ್ದ ಮೇಲೆ ನನ್ನ ಎಲೆಗಳನ್ನು ನೋಡಿ, ಬಹಳ ಮರ್ಯಾದೆಯಿಂದಲೇ ಕೇಳಿದಳು: "ಅಕ್ಕಾ, ಈ ನಾಲ್ಕು ಯಾಕೆ ಇಟ್ಟಿದೀರಿ? ಇದನ್ನ ಯಾರೂ ಹಾಕಲ್ಲ ಅಕ್ಕಾ." ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದು ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಾ ನಿಂತೆವು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ನೀ ನನ್ನ ಒಬ್ಬಾಕೀನ ಸೋಲ್ಸಾಕ ಕಟ್ಟೀದಿ, ನಾ ನಿನ್ನ ಒಬ್ಬಾಕೀನ ಸೋಲ್ಸಾಕ ಕಟ್ಟೀನಿ. ಊರ ಮಂದಿ ಬ್ಯಾರೇನ ಆಡಾಕತ್ತಾರ" ಎಂದಳು. ನಾನು ನಗಲಿಲ್ಲ. ಇದನ್ನೆಲ್ಲ ಬದಲಾಯಿಸಬೇಕು ಎಂದೆ. "ಬದಲಾಯಿಸು ಬೇಕಾದ್ರ" ಎಂದು ಅವಳು ಇನ್ನೊಂದು ಮಿರ್ಚಿ ಕೈಗೆತ್ತಿಕೊಂಡಳು. ಅವಳೂ ಬದಲಾಯಿಸುತ್ತಾಳೆ ಎಂದು ನಾನು ಅಂದುಕೊಂಡೆ. ಕೇಳಲಿಲ್ಲ.

ಮುಂದಿನ ತಿಂಗಳು ಮಾನ್ವಿಗೆ ಹೋದಾಗ ನನ್ನ ಕಟ್ಟಿನಲ್ಲಿ ಒಡ್ಡು ಒಂದೂ ಇರಲಿಲ್ಲ. ಆ ಜಾಗದಲ್ಲಿ ಕರ್ನೂಲಿನ ಹುಡುಗಿಯ ಬಳಿ ನೋಡಿದ್ದ ನಾಲ್ಕು ಒಳ್ಳೆಯ ಎಲೆ ಹಾಕಿದ್ದೆ. ಆಟ ಶುರುವಾಯಿತು. ಮೊದಲ ಸರದಿಗೇ ಒಂದು ಇರುವೆ ಬಂತು. ಎರಡನೆಯದಕ್ಕೆ ಇನ್ನೆರಡು. ಅವಳು ಒಂದು ಎಲೆಯನ್ನೂ ಬದಲಿಸಿರಲಿಲ್ಲ. ಐದನೆಯ ಸರದಿಗೆ ಎಂದಿನಂತೆ ಎರಡನ್ನು ಕೈಯಲ್ಲಿ ಉಳಿಸಿಕೊಂಡು ಟಕ್ ಟಕ್ ಬಡಿದಳು. ನಾನು ಬೇರೇನೋ ಹಾಕಿದೆ. ಆರನೆಯದಕ್ಕೂ ಕಾದಳು. ನನ್ನ ಎಡಗಣ್ಣನ್ನೇ ನೋಡುತ್ತಿದ್ದಳು. ಏಳನೆಯದಕ್ಕೆ ಗೆದ್ದಳು. ಗೆದ್ದವಳು ನನ್ನ ಕಟ್ಟು ಎತ್ತಿಕೊಂಡು, ಮಾತ್ರೆ ಎಣಿಸುವ ಹಾಗೆ ಒಂದೊಂದೇ ಎಲೆ ತೆಗೆದು ನೋಡಿದಳು.

"ನಾಲ್ಕೂ ತಗದಿ."

"ಹೂಂ. ಯಾರೂ ಹಾಕಂಗಿಲ್ಲ ಅಂದ್ಲಲ್ಲ ಆಕಿ."

"ಮತ್ತ ನಾ ಈ ಎರಡು ಇರವಿ ಯಾರಿಗಂತ ಹಿಡ್ಕೊಂಡು ಕುಂತಿದ್ನಿ?"

ಇದಕ್ಕೆ ಕೊಡಬಹುದಾದ ಉತ್ತರ ಎಷ್ಟೋ ಇದ್ದವು. ತಪ್ಪಾಯಿತು ಅನ್ನಬಹುದಿತ್ತು. ನಕ್ಕುಬಿಡಬಹುದಿತ್ತು. ಆದರೆ ನಾನು ಆಗಷ್ಟೇ ಸೋತಿದ್ದೆ. "ಗೆದ್ದೀಯಲ್ಲ, ಇನ್ನೇನು ಬೇಕು ನಿನಗ?" ಎಂದೆ. ಅವಳು ತಲೆಯ ರಬ್ಬರು ಬಿಚ್ಚಿ ತನ್ನ ಕಟ್ಟಿಗೆ ಸುತ್ತಿ ಚೀಲಕ್ಕೆ ಹಾಕಿದಳು. ಬಿಚ್ಚಿದ ಕೂದಲಲ್ಲೇ ರಾಯಚೂರಿನ ಬಸ್ಸು ಹತ್ತಿದಳು.

ಅಲ್ಲಿಂದಾಚೆ ನಾವು ಆಡಲಿಲ್ಲ. ಜಗಳವಾಯಿತು ಎನ್ನುವಂತೆಯೂ ಇಲ್ಲ. ಒಂದು ತಿಂಗಳು ಅವಳಿಗೆ ಡ್ಯೂಟಿ, ಇನ್ನೊಂದು ತಿಂಗಳು ನನಗೆ ತರಬೇತಿ, ಆಮೇಲೆ ಅವಳ ಮದುವೆ ನಿಶ್ಚಯವಾಯಿತು. ಮದುವೆಗೆ ಹೋದೆ, ಉಂಡೆ, ಅಕ್ಷತೆ ಹಾಕಿದೆ. ಅವಳು "ಊಟ ಆತೇನ?" ಎಂದು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದಳು. ಆಗೊಮ್ಮೆ ಈಗೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ, ಸಂಬಳ, ವರ್ಗಾವಣೆ, ಅವ್ವನ ಮೊಣಕಾಲು. ಆಟದ ಮಾತು ಇಬ್ಬರೂ ಎತ್ತುವುದಿಲ್ಲ.

ನನ್ನ ಕಟ್ಟು ಮಾತ್ರ ಚೆನ್ನಾಗಿ ಬೆಳೆಯಿತು. ರಜೆಯ ದಿನಗಳಲ್ಲಿ ರಾಯಚೂರಿಗೆ ಹೋಗಿ ಆ ಹುಡುಗ ಹುಡುಗಿಯರ ಜೊತೆ ಆಡಿದೆ. ಅವರು ನನ್ನನ್ನು ಟೀಚರಕ್ಕಾ ಎನ್ನುತ್ತಾರೆ. ಒಂದು ಸ್ಪರ್ಧೆಯಲ್ಲಿ ಎರಡನೆಯವಳಾದೆ. ಅವತ್ತು ದೇವದುರ್ಗದ ಬಸ್ಸಿನಲ್ಲಿ ಕುಳಿತಾಗ, ಇದನ್ನು ಯಾರಿಗೆ ಹೇಳಲಿ ಎಂದು ಫೋನ್ ತೆಗೆದೆ. ಅವಳ ಹೆಸರಿನ ತನಕ ಬಂದು ಬೆರಳು ನಿಂತಿತು. ಅಲ್ಲಿ ಎದುರು ಕೂಡುವವರು ನನ್ನ ಎಲೆಗಳನ್ನು ನೋಡುತ್ತಾರೆ, ನನ್ನ ಕಣ್ಣನ್ನು ಯಾರೂ ನೋಡುವುದಿಲ್ಲ. ನನಗೆ ಅವಳು ಬೇಕಾಗಿತ್ತು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಮನೆಗೆ ಹೋದವಳೇ ನಾಲ್ಕು ಒಳ್ಳೆಯ ಎಲೆ ತೆಗೆದು, ಡಬ್ಬಿಯಲ್ಲಿದ್ದ ನಾಲ್ಕು ಒಡ್ಡುಗಳನ್ನು ವಾಪಸು ಸೇರಿಸಿದೆ. ಅವತ್ತಿನಿಂದ ಮತ್ತೆ ಸೋಲುತ್ತಲೇ ಇದ್ದೇನೆ. "ಟೀಚರಕ್ಕಾ, ಅವು ತೆಗೀರಿ" ಎಂದು ಹುಡುಗರು ಗೋಗರೆಯುತ್ತಾರೆ. ಸೋಲಲಾರದವಳು ನಾನು, ಹೂಂ ಎಂದು ತಲೆಯಾಡಿಸಿ ಹಾಗೆಯೇ ಆಡುತ್ತೇನೆ.

ಈ ವರ್ಷ ತರಬೇತಿಯೊಂದಕ್ಕೆ ಮಾನ್ವಿಗೆ ಹೋಗಬೇಕಾಯಿತು. ಎರಡು ವರ್ಷದ ಮೇಲೆ ಆ ಖಾನಾವಳಿಗೆ ಹೋದೆ. ಅವ್ವ ನನ್ನನ್ನು ನೋಡಿದವಳೇ ಹಿಟ್ಟಿನ ಕೈ ಒರೆಸಿಕೊಂಡು, ದೇವರ ಫೋಟೊದ ಹಿಂದಿನಿಂದ ಒಂದು ಎಲೆ ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನ ಗೆಳತಿ ಬಂದಿದ್ಲು ಯವ್ವಾ. ಒಬ್ಬಾಕೀನ. ಈಚಿ ಕಡಿ ಕುಂತು ಒಂದ ಎಲಿ ಹಾಕಾದು, ಎದ್ದು ಆಚಿ ಕಡಿ ಹೋಗಿ ಕುಂದ್ರಾದು, ಅಲ್ಲಿಂದ ಒಂದ ಹಾಕಾದು. ಆಚಿ ಕಡಿ ಕುಂತಾಗ ಥೇಟ್ ನಿನ್ನಂಗ ಮಾರಿ ಗಂಟ ಹಾಕ್ತಿದ್ಲು. ಹೋಗೂಮುಂದ ಇದನ್ನ ಇಲ್ಲೇ ಮರ್ತು ಹೋದ್ಲು."

ಕೈಬರಹದ ಎಲೆ, ಲಗ್ನಪತ್ರಿಕೆಯನ್ನು ಕತ್ತರಿಸಿ ಮಾಡಿದ್ದು. ಒಂದು ಮುಖದ ಮೇಲೆ ಅವಳ ಗುಂಡಗಿನ ಅಕ್ಷರದಲ್ಲಿ ಒಡ್ಡು ಎಂದು ಬರೆದಿತ್ತು, ಕೆಳಗೆ ಅದರ ಕೆಲಸ. ತಿರುಗಿಸಿ ನೋಡಿದೆ. ಮೂಲೆಯಲ್ಲಿ ಅರಿಸಿನ, ಅರ್ಧ ಕತ್ತರಿಸಿಹೋದ ಅವಳ ಅಪ್ಪನ ಹೆಸರು. ಅದು ಅವಳದೇ ಮದುವೆಯ ಪತ್ರಿಕೆ. ಅಂದರೆ ಆ ಕೊನೆಯ ಆಟದ ಎಷ್ಟೋ ತಿಂಗಳ ಮೇಲೆ, ಮದುವೆಯೂ ಆದ ಮೇಲೆ, ಅವಳು ಕುಳಿತು ನನ್ನ ಕಟ್ಟಿನ ಅರವತ್ತು ಎಲೆಗಳನ್ನು ನೆನಪಿನಿಂದ ಬರೆದಿದ್ದಳು. ನಾನು ತೆಗೆದು ಹಾಕಿದ್ದನ್ನು ಅವಳು ಇಟ್ಟುಕೊಂಡಿದ್ದಳು.

ರೊಟ್ಟಿ ಬಂತು, ಆರಿತು. ಚೀಲದಿಂದ ನನ್ನ ಕಟ್ಟು ತೆಗೆದು ನಾಲ್ಕು ಒಡ್ಡುಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಇದನ್ನಿಟ್ಟೆ. ಐದಾದವು. ಐದನೆಯದನ್ನು ನಾನು ಇಟ್ಟುಕೊಳ್ಳುವಂತಿಲ್ಲ. ಇದು ಇಲ್ಲದೆ ಅವಳು ಆಡುವಂತಿಲ್ಲ. ಅಲ್ಲೇ ಕುಳಿತು ಫೋನ್ ಮಾಡಿದೆ. ಹಲೋ ಅನ್ನಲೂ ನನಗೆ ತಾಳ್ಮೆ ಇರಲಿಲ್ಲ.

"ನಿನ್ನ ಹಂತೇಕ ಇರೊ ನನ್ನ ಕಟ್ಟಿನಾಗ ಐವತ್ತೊಂಬತ್ತ ಎಲಿ ಅದಾವ" ಎಂದೆ.

ಆಚೆ ಕಡೆ ವಾರ್ಡಿನಲ್ಲಿ ಯಾರೋ ಕೆಮ್ಮುವುದು ಕೇಳಿಸಿತು. ಯಾರೋ ಸಿಸ್ಟರ್ ಎಂದು ಕರೆದರು. ಅವಳು ಆ ಸದ್ದುಗಳಿಂದ ದೂರ ನಡೆದು ಬಂದಳು.

"ಮರ್ತು ಬಂದಿಲ್ಲ, ಬಿಟ್ಟು ಬಂದೀನಿ" ಎಂದಳು. "ಎಂಟು ತಿಂಗಳಾತು. ಮಾನ್ವಿಗೆ ಬರಾದೂ ಬಿಟ್ಟಿ ಅಂತ ತಿಳ್ಕೊಂಡಿದ್ನಿ ನಾ."