ರೂಪಾಳ ಜ್ವರ, ನನ್ನ ಕೊಳ್ಳೇಗಾಲ

ಕೆಲಸಕ್ಕೆ ಸೇರಿದ ಮೊದಲ ದಿನ ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಸಾಲಿನಲ್ಲಿ ದನಗಳ ರಕ್ತದ ಮಾದರಿಗಳಿದ್ದವು. ಕೆಳಗಿನ ಸಾಲಿನಲ್ಲಿ, ರೋಗಾಣು ಬೆಳೆಸಿದ ತಟ್ಟೆಗಳಿಗೆ ತಾಗಿಕೊಂಡಂತೆ, ಸ್ಟೀಲಿನ ಊಟದ ಡಬ್ಬಿ ಕೂತಿತ್ತು. ಬೆನ್ನ ಹಿಂದಿನಿಂದ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು.

"ನಂದು ಮೇಡಂ, ಮೊಸ್ರನ್ನ. ಆಚೆ ಮಡುಗುದ್ರೆ ಉಳಿ ಬಂದ್ಬುಡ್ತದೆ."

ಬಡಗಿಯ ಉಳಿಗೂ ಮೊಸರನ್ನಕ್ಕೂ ಏನು ಸಂಬಂಧ ಎಂದು ಯೋಚಿಸುತ್ತ ನಿಂತೆ. ಅದು ಹುಳಿ ಎಂದು ಹೊಳೆಯುವಷ್ಟರಲ್ಲಿ ಆ ಹುಡುಗಿ ಡಬ್ಬಿ ಹಿಡಿದು ಹೊರಟುಹೋಗಿದ್ದಳು.

ಅವಳ ಹೆಸರು ರೂಪಾ. ತವರು ಹೊನ್ನೂರು, ಮದುವೆಯಾಗಿ ಹೋದದ್ದು ಮಾಂಬಳ್ಳಿಗೆ. ಎಂ.ಎಸ್ಸಿ. ಮುಗಿಸಿ ನಮ್ಮ ಕೇಂದ್ರದಲ್ಲಿ ಯೋಜನಾ ಸಹಾಯಕಿಯಾಗಿದ್ದಳು. ಇದು ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ, ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿದೆ. ರಾಮಾಪುರದಂಥ ಕಾಡಂಚಿನ ಊರುಗಳಲ್ಲಿ ಹಸುಗಳಿಗೆ ಬರುವ ಕಂದು ರೋಗದ ಮೇಲೆ ಇಲ್ಲಿ ಕೆಲಸ ನಡೆಯುತ್ತಿತ್ತು. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕುತ್ತದಲ್ಲ, ಅದೇ ರೋಗ. ನಾನು ಹುಟ್ಟಿ ಬೆಳೆದ ವಿಜಯಪುರ ಜಿಲ್ಲೆಯ ಇಂಡಿ ಕಡೆ ಇದನ್ನು ಅರಿಯದ ರೈತರಿಲ್ಲ. ಆದರೆ ಆ ರೋಗಾಣು ಗಾಳಿಯಲ್ಲಿ ತೇಲಿ ಮನುಷ್ಯರ ಮೈಯನ್ನೂ ಹೊಗಬಲ್ಲದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗೆ ಆಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಜೈವಿಕ ಸುರಕ್ಷತಾ ಅಧಿಕಾರಿ ಎಂಬ ದೊಡ್ಡ ಹೆಸರು ಅದಕ್ಕೆ. ಅನುದಾನ ಕೊಡುವವರು ಅಂಥ ಒಬ್ಬರು ಇರಲೇಬೇಕು ಎಂದದ್ದರಿಂದ ನನ್ನನ್ನು ತಂದು ಕೂರಿಸಿದ್ದರು ಎಂಬುದು ಆಮೇಲೆ ತಿಳಿಯಿತು. ಪರಿಶೀಲಿಸಬಹುದು, ವರದಿ ಬರೆಯಬಹುದು. ಕೆಲಸ ನಿಲ್ಲಿಸುವ ಅಧಿಕಾರ ಮಾತ್ರ ನಿರ್ದೇಶಕರದು.

ಮನೆ ಕೊಡಿಸಿದವಳೂ ರೂಪಾಳೇ. ಅವಳ ದೊಡ್ಡಮ್ಮ ಮಹದೇವಮ್ಮನ ಮನೆ ಕೊಳ್ಳೇಗಾಲದಲ್ಲಿ, ಮಗ್ಗಗಳ ಸದ್ದು ಕೇಳುವ ಬೀದಿಯಲ್ಲಿ. ಮಹಡಿಯ ಒಂಟಿ ಕೋಣೆ ನನ್ನದಾಯಿತು. ನಮ್ಮಲ್ಲಿ ಬಾಗಿಲಿಂದ ಹೊರಗೆ ಬಂದರೆ ಕಣ್ಣು ಹರಿಯುವಷ್ಟು ಎರೆಭೂಮಿ. ಇಲ್ಲಿ ಯಾವ ಕಡೆ ತಿರುಗಿದರೂ ತೆಂಗು, ಕಬ್ಬು, ಅದರಾಚೆ ನೀಲಿ ಬೆಟ್ಟಗಳ ಗೋಡೆ. ಬಂದ ಹೊಸದರಲ್ಲಿ ನನಗೆ ಆ ಬೆಟ್ಟಗಳಿಂದ ಉಸಿರು ಕಟ್ಟುತ್ತಿತ್ತು. ಊಟವೂ ಅಷ್ಟೇ. ರಾಗಿಮುದ್ದೆಯನ್ನು ಅಗಿಯುತ್ತ ಕೂತಿದ್ದ ನನ್ನನ್ನು ನೋಡಿ ಮಹದೇವಮ್ಮ ಅದನ್ನು ನುಂಗಬೇಕೆಂದು ಹೇಳಿಕೊಟ್ಟರು. ನಾನು ಊರಿಂದ ತಂದ ಒಣ ಜೋಳದ ಕಟಕು ರೊಟ್ಟಿ ಕೊಟ್ಟಾಗ ಅವರು ಸಾರಿನಲ್ಲಿ ನೆನೆಸಿಕೊಂಡು ತಿಂದರು. ನನ್ನ 'ಹೌದ್ರೀ', 'ಬ್ಯಾಡ್ರೀ'ಗಳನ್ನು ಅಂಗಡಿಯವರು ಎರಡೆರಡು ಸಲ ಹೇಳಿಸಿ ಕೇಳುತ್ತಿದ್ದರು. ಕನ್ನಡನಾಡಿನಲ್ಲೇ ಪರದೇಶಿಯಾಗಬಹುದು ಎಂದು ನಾನು ಎಣಿಸಿರಲಿಲ್ಲ. ರೂಪಾ ಮಧ್ಯಾಹ್ನ ನನ್ನ ಪಕ್ಕದಲ್ಲಿ ಊಟಕ್ಕೆ ಕೂರತೊಡಗಿದ ಮೇಲೆ ದಿನಗಳು ಸ್ವಲ್ಪ ಹಗುರಾದವು. ಡಬ್ಬಿಯನ್ನು ಫ್ರಿಜ್ಜಿನಿಂದ ಹೊರಗಿಡುವಂತೆ ಮಾಡಿದ್ದೇ ನನ್ನ ಮೊದಲ ಗೆಲುವು. ಹೆಚ್ಚುಕಡಿಮೆ ಕೊನೆಯದೂ ಅದೇ.

ಬೇಸಿಗೆ ಹತ್ತುವ ಹೊತ್ತಿಗೆ ಸುರಕ್ಷತಾ ಕ್ಯಾಬಿನೆಟ್ ಕೆಟ್ಟಿತು. ಮುಂದೆ ಗಾಜಿರುವ ಈ ಪೆಟ್ಟಿಗೆ ಒಳಗಿನ ಗಾಳಿಯನ್ನು ಸೋಸಿ, ರೋಗಾಣು ಕೆಲಸಗಾರರ ಮುಖಕ್ಕೆ ಬಾರದಂತೆ ತಡೆಯುತ್ತದೆ. ಅದಿಲ್ಲದೆ ಆ ತಟ್ಟೆಗಳ ಮುಚ್ಚಳ ತೆರೆಯಲೇಬಾರದು. ಕೆಲಸ ನಿಲ್ಲಿಸಿ ಎಂದು ನಿರ್ದೇಶಕರಿಗೆ ಬರೆದೆ, ಹೋಗಿ ಹೇಳಿದೆ. ರಿಪೇರಿಯವರು ಬರುತ್ತಾರೆ, ಅಲ್ಲಿಯವರೆಗೆ ಮಾದರಿಗಳನ್ನು ಕೊಳೆಯಲು ಬಿಡಲಾಗುವುದಿಲ್ಲ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಲಿ ಎಂದರು. ಸುರಕ್ಷತಾ ಸಮಿತಿಯ ಸಭೆ ಕರೆಯಲು ಕೇಳಿದೆ. ಆ ಸಮಿತಿಯ ಅಧ್ಯಕ್ಷರೂ ಅವರೇ. ಬಾಗಿಲಿಗೆ 'ಪ್ರವೇಶವಿಲ್ಲ' ಎಂಬ ಫಲಕ ಅಂಟಿಸಿದೆ, ಮರುದಿನ ಅದಿರಲಿಲ್ಲ. ರೂಪಾ ತೆರೆದ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದಳು. ಬೇಡವೆಂದರೆ, ಸಾಹೇಬರು ಹೇಳಿದ ಮೇಲೆ ಆಗಲ್ಲ ಅನ್ನುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದಳು.

ಕೆಲವು ವಾರಗಳ ನಂತರ ಅವಳಿಗೆ ಜ್ವರ ಬಂತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆಗೆ ಏರುತ್ತಿತ್ತು. ಮೈ ಬೆವರಿ ಸೀರೆ ಒದ್ದೆಯಾಗುತ್ತಿತ್ತು, ಸೊಂಟ ನೋವು. ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಓಡಾಟ ಆಗದೆ ಅವಳು ದೊಡ್ಡಮ್ಮನ ಮನೆಯಲ್ಲೇ ಮಲಗಿದಳು. ಗಂಜಿ ತೆಗೆದುಕೊಂಡು ಹೋದ ನನಗೆ ಅವಳು ಮೆಲ್ಲಗೆ ಇನ್ನೊಂದು ವಿಷಯ ಹೇಳಿದಳು.

"ನಂಗೆ ಮೂರ್ ತಿಂಗ್ಳು ಅಕ್ಕ. ಆಪೀಸ್ನಲ್ಲಿ ಯಾರ್ಗೂ ಯೋಳ್ಬೇಡಿ. ಕೆಲ್ಸ ಬುಡ್ಸ್ಬುಡ್ತಾರೆ."

ಗಬ್ಬದ ಹಸುವಿಗೆ ಆ ರೋಗಾಣು ಏನು ಮಾಡುತ್ತದೆಂದು ಅವಳಿಗೂ ಗೊತ್ತಿತ್ತು. ತನ್ನ ಬಗ್ಗೆ ಮಾತ್ರ ಅವಳು ಹಾಗೆ ಯೋಚಿಸಿರಲಿಲ್ಲ. ಅಥವಾ ಯೋಚಿಸಲು ಹೆದರಿದ್ದಳೋ ಏನೋ.

ನೇರವಾಗಿ ನಿರ್ದೇಶಕರ ಕೋಣೆಗೆ ಹೋದೆ. ರೂಪಾಳ ರಕ್ತವನ್ನು ಕಂದು ರೋಗಕ್ಕೆ ಪರೀಕ್ಷೆ ಮಾಡಿಸಬೇಕು, ವೈದ್ಯರಿಗೆ ನಾವೇ ತಿಳಿಸಬೇಕು ಎಂದೆ. ಬಸುರಿನ ಮಾತು ಎತ್ತಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಜ್ವರ ಯಾರಿಗೆ ಬರಲ್ಲ? ಆಸ್ಪತ್ರೆಯಲ್ಲಿ ನಮ್ಮ ಲ್ಯಾಬಿನ ಮಾತು ಬೇಡ. ಕೇಂದ್ರವೇ ಮುಚ್ಚಿಹೋಗುತ್ತೆ."

ಅಲ್ಲಿಂದ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ನಾನು ಹೋಗುವಷ್ಟರಲ್ಲಿ ಹೊಟ್ಟೆನೋವೆಂದು ರೂಪಾಳನ್ನೂ ಅಲ್ಲಿಗೆ ಸೇರಿಸಿದ್ದರು. ವೈದ್ಯೆ ಚಿಕ್ಕ ವಯಸ್ಸಿನವರು. ನಾನು ಯಾರು, ಎಲ್ಲಿ ಕೆಲಸ, ರೂಪಾಳ ಕೈಯಿಂದ ದಿನವೂ ಏನು ಹಾದುಹೋಗುತ್ತಿತ್ತು ಎಂಬುದನ್ನೆಲ್ಲ ಕಾರಿಡಾರಿನಲ್ಲೇ ನಿಂತು ಹೇಳಿದೆ. ಅವರು ತಕ್ಷಣ ಔಷಧಿ ಬದಲಿಸಿದರು, ರಕ್ತವನ್ನು ಮೈಸೂರಿಗೆ ಕಳಿಸಿದರು. ಇನ್ನೊಂದು ವಾರ ಮೊದಲು ಬಂದಿದ್ದರೆ ಎಂದು ಶುರು ಮಾಡಿದವರು ಮಾತು ಮುಗಿಸದೆ ವಾರ್ಡಿನ ಕಡೆ ನಡೆದರು.

ಮೈಸೂರಿನಿಂದ ಉತ್ತರ ಬರುವ ಮೊದಲೇ ಕೂಸು ಹೋಯಿತು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಹದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು.

"ದನ ಕಂದಾಕ್ದಂಗೆ ಆಗೋಯ್ತಲ್ಲವ್ವ ನಮ್ಮ್ ಉಡ್ಗಿಗೆ."

ಅವರ ಪಕ್ಕ ಕೂರಲು ನನಗೆ ಧೈರ್ಯ ಬರಲಿಲ್ಲ. ಕೇಂದ್ರಕ್ಕೆ ವಾಪಸು ಹೋದೆ. ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ ರೋಗಾಣು ಬೆಳೆಸುವ ಕೋಣೆಗೆ ಬೀಗ ಹಾಕಿ, ಬೀಗದಕೈ ಬ್ಯಾಗಿನಲ್ಲಿ ಇಟ್ಟುಕೊಂಡೆ. ಅಧಿಕಾರ ಇತ್ತೋ ಇಲ್ಲವೋ ನೋಡಲಿಲ್ಲ. ನಿರ್ದೇಶಕರು ಮೊದಲು ಬೈದರು, ಪೊಲೀಸರನ್ನು ಕರೆಸುತ್ತೇನೆಂದರು, ಆಮೇಲೆ ದನಿ ತಗ್ಗಿಸಿ ಬೇಡಿಕೊಂಡರು. ವಿಶ್ವವಿದ್ಯಾಲಯದಿಂದ ಬೇರೆಯವರು ಬರುವವರೆಗೆ ಕೊಡುವುದಿಲ್ಲ ಎಂದು ಕೂತೆ.

ರೂಪಾಳ ರಕ್ತದಲ್ಲಿ ಅದೇ ರೋಗ ಇತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬರಿಗೂ ಇತ್ತು, ಅವರಿಗೆ ಬೇಗ ಔಷಧಿ ಸಿಕ್ಕಿತು. ತನಿಖೆಯವರು ಬಂದು ಕೋಣೆಗೆ ಮೊಹರು ಹಾಕಿದರು. ನಿರ್ದೇಶಕರಿಗೆ ಬೇರೆ ಊರಿಗೆ ವರ್ಗವಾಯಿತು. ತನಿಖೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ನನಗೂ ಹೇಳಿದರು. ಮಾಂಬಳ್ಳಿಯಲ್ಲಿ ಲ್ಯಾಬಿನ ರೋಗ ಅಂಟುತ್ತದೆಂದು ಸುದ್ದಿ ಹಬ್ಬಿ, ರೂಪಾಳ ಗಂಡನ ಮನೆಯ ಹಾಲನ್ನು ಡೈರಿಯಲ್ಲಿ ಬೇಡವೆಂದರು. ಆರೋಗ್ಯ ಇಲಾಖೆಯವರ ಜೊತೆ ನಾನೂ ಹೋಗಿ, ಮುಟ್ಟಿದರೆ, ಜೊತೆಗೆ ಉಂಡರೆ ಇದು ಬರುವುದಿಲ್ಲ ಎಂದು ಮನೆಮನೆಗೆ ಹೇಳಿದೆ. ನನ್ನ ಇಂಡಿಯ ಮಾತನ್ನು ಅವರು ಎಷ್ಟು ನಂಬಿದರೋ ತಿಳಿಯದು. ಹಾಲು ಮಾತ್ರ ಮತ್ತೆ ಡೈರಿಗೆ ಹೋಗತೊಡಗಿತು.

ರೂಪಾ ಈಗ ಹೊನ್ನೂರಿನ ತವರಿನಲ್ಲಿದ್ದಾಳೆ. ಮಾತ್ರೆಗಳು ಇನ್ನೂ ಮುಗಿದಿಲ್ಲ. ಜ್ವರ ಬಿಟ್ಟಿದೆ, ಸೊಂಟದ ನೋವು ಬಿಟ್ಟಿಲ್ಲ. ಭಾನುವಾರಗಳಂದು ಬಸ್ಸು ಹತ್ತಿ ಹೋಗುತ್ತೇನೆ. ಹೋದ ವಾರ ಜಗಲಿಯ ಮೇಲೆ ಕೂತಿದ್ದಾಗ, ಗದ್ದೆ ಕಡೆ ನೋಡುತ್ತಲೇ ಕೇಳಿದಳು.

"ನೀವು ನಮ್ಮುನ್ನ ಕಾಯಕ್ಕೆ ಅಂತ್ಲೇ ಬಂದಿದ್ರಲ್ವಾ ಅಕ್ಕ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ಅವಳ ತಾಯಿ ಬಂದು ಎಲೆ ಹಾಕಿದ್ದೇನೆ ಎಂದರು. ಇಬ್ಬರೂ ಎದ್ದು ಊಟಕ್ಕೆ ಹೋದೆವು.

ಅವ್ವ ದಿನವೂ ಫೋನು ಮಾಡುತ್ತಾಳೆ. ವಿಜಯಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಖಾಲಿ ಇದೆಯಂತೆ, ಸಾಕು ಬಂದುಬಿಡು ಎನ್ನುತ್ತಾಳೆ. ಬ್ಯಾಗು ತುಂಬಿದ್ದೂ ಆಗಿದೆ, ತೆಗೆದದ್ದೂ ಆಗಿದೆ. ಎರೆಭೂಮಿಯ ಆ ಬಯಲು ಈಗಲೂ ಕಣ್ಣಮುಂದೆ ಬರುತ್ತದೆ. ಅಲ್ಲಿ ಎಲ್ಲರೂ ನನ್ನವರು. ಆದರೆ ರೂಪಾ ಕೇಳಿದ್ದನ್ನು ಅಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಅದಕ್ಕೇ ಹೋಗಬೇಕೆನಿಸುತ್ತದೆ, ಅದಕ್ಕೇ ಹೋಗಲಾಗುತ್ತಿಲ್ಲ.