ಆಸ್ಪತ್ರೆಯನ್ನು ದವಾಖಾನಿ ಎಂದು ಓದಿದವಳು

ಅಕ್ಷರವೆಂದರೆ ಕ್ಷರವಿಲ್ಲದ್ದು, ಅಂದರೆ ನಾಶವಿಲ್ಲದ್ದು. ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿ ಮೂವತ್ತೊಂದು ವರ್ಷ ಈ ಮಾತನ್ನು ಗಂಟಲು ಹರಿದುಕೊಂಡು ಹೇಳಿದ್ದೇನೆ. ನಿವೃತ್ತನಾಗಿ ಇಳಕಲ್ಲಿನ ಮನೆಗೆ ಬಂದು ಕುಳಿತ ಮೇಲೆ, ನನ್ನ ಮೊಮ್ಮಗಳು ಅದೇ ಅಕ್ಷರವನ್ನು ದಿನಾ ಸಂಜೆ ಆರರಿಂದ ಏಳರೊಳಗೆ ನನ್ನ ಕಣ್ಣೆದುರೇ ನಾಶಮಾಡಿ ತೋರಿಸತೊಡಗಿದಳು.

ಆಗ ಅವಳು ಎರಡನೆಯ ತರಗತಿ. ನನ್ನ ಪದ್ಧತಿ ಹಳೆಯದು, ಆದ್ದರಿಂದ ನಿರ್ದೋಷವಾದದ್ದು: ಮೊದಲು ನಾನು ಪಾಠವನ್ನು ಸ್ಪಷ್ಟವಾಗಿ ಓದುವುದು, ಆಮೇಲೆ ಅವಳು ಓದುವುದು. ಓದುತ್ತಿದ್ದಳು, ಗಡಗಡ ಓದುತ್ತಿದ್ದಳು. ತಕರಾರು ಒಂದೇ. ಪುಸ್ತಕದ ಮನೆ ಅವಳ ಬಾಯಲ್ಲಿ ಮನಿ ಆಗುತ್ತಿತ್ತು, ಶಾಲೆ ಹೋಗಿ ಸಾಲಿ ಆಗುತ್ತಿತ್ತು.

“ಮನಿ ಅಲ್ಲವಾ, ಮನೆ. ಪುಸ್ತಕದಾಗ ಹ್ಯಾಂಗ ಐತಿ ಹಾಂಗ ಅನ್ನು.”

“ಮನೆ.”

“ಹಾಂ, ಈಗ ನೋಡು!”

ಒಂದು ದಿನ ಪುಸ್ತಕದಲ್ಲಿ ಆಸ್ಪತ್ರೆ ಎಂದಿದ್ದ ಕಡೆ ದವಾಖಾನಿ ಎಂದು ಓದಿದಳು. ನಾನು ಗ್ರಾಂಥಿಕ ಭಾಷೆಯ ಘನತೆಯನ್ನು ಕುರಿತು ಹತ್ತು ನಿಮಿಷ ಭಾಷಣ ಮಾಡಿದೆ. ಎರಡು ಶಬ್ದಗಳಲ್ಲಿ ಒಂದಕ್ಷರವೂ ಸಮ ಇಲ್ಲ. ಅಕ್ಷರ ನೋಡಿ ಓದುವ ಯಾವ ಕೂಸೂ ಈ ತಪ್ಪು ಮಾಡಲಾರದು. ಈ ಸಣ್ಣ ಸಂಗತಿ ವ್ಯಾಕರಣ ಅರೆದು ಕುಡಿದ ನನ್ನ ತಲೆಗೆ ಹೊಳೆಯಲಿಲ್ಲ. ನಮ್ಮ ಕಡೆಯ ಭಾಷೆಯ ದೋಷವೆಂದುಕೊಂಡೆ. ತಿದ್ದಿದೆ. ಎರಡು ವರ್ಷ ತಿದ್ದಿದೆ.

ನಿಜ ಗೊತ್ತಾದದ್ದು ನನ್ನ ಚಾಳೀಸು ಕಳೆದ ಸಂಜೆ. ಅದಿಲ್ಲದೆ ನನಗೆ ಪುಸ್ತಕವೂ ಒಂದೇ, ಹಂಚೂ ಒಂದೇ. ಅಂದಾಜಿನ ಮೇಲೆ ಪುಟ ತೆರೆದು, “ನಿನ್ನಿ ಪಾಠಾನ ಓದವಾ” ಎಂದೆ. ಎಂದಿನಂತೆ ಗಡಗಡ ಶುರುಮಾಡಿದಳು. ಅಷ್ಟರಲ್ಲಿ ನಮ್ಮಾಕೆ ಚಾಳೀಸು ಹುಡುಕಿ ತಂದಳು.

“ದೇವರ ಜಗಲಿ ಮ್ಯಾಲೆ ಇತ್ರಿ. ದೇವ್ರಿಗೂ ಕಣ್ಣ ಮಂಜಾಗ್ಯಾವೇನು?”

ಹಾಕಿಕೊಂಡು ನೋಡಿದರೆ, ತೆರೆದದ್ದು ಬೇರೆಯೇ ಪಾಠ. ಮೊಮ್ಮಗಳು ಮಾತ್ರ ನಿನ್ನೆಯದನ್ನೇ ಒಂದು ಮಾತು ಬಿಡದೆ ಹೇಳುತ್ತಿದ್ದಳು. ಬೆರಳನ್ನು ಸಾಲಿನ ಕೆಳಗೆ ಶಿಸ್ತಾಗಿ ಸರಿಸುತ್ತಲೂ ಇದ್ದಳು. ಅಷ್ಟು ಹೊತ್ತು ಆ ಪುಸ್ತಕದ ಮುಂದೆ ಓದಲಾರದವರಿಬ್ಬರು ಬಹು ಗಂಭೀರವಾಗಿ ಕುಳಿತಿದ್ದೆವು. ನಾನು ಮ ಅಕ್ಷರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದೆ. ಅವಳು ಪುಟ ನೋಡಲಿಲ್ಲ, ನನ್ನ ಬಾಯಿ ನೋಡಿದಳು.

“ಮುತ್ಯಾ, ಮೊದಲ ನೀ ಓದು.”

ಸಾಲೆಗೆ ಹೋದೆ. ಅವಳ ಮಾಸ್ತರು ನನ್ನ ಹಳೆಯ ಶಿಷ್ಯ. ಎದ್ದು ನಿಂತು, ಕೈ ಕಟ್ಟಿ, “ಸರ, ನಿಮ್ಮಂಥಾವ್ರು ಮನ್ಯಾಗ ಕುಂತು ಕಲಸಿದ್ರೂ ಬರವಲ್ದಂದ್ರ, ನಾವೇನ ಕಡದು ಗುಡ್ಡಿ ಹಾಕೂದೈತ್ರಿ?” ಎಂದ. ಆ ವಿನಯ ನಾನೇ ಕಲಿಸಿದ್ದು.

ಬಾಗಲಕೋಟೆಯಲ್ಲಿ ಮೊದಲು ಕಣ್ಣು ತೋರಿಸಿದೆವು. ಕಣ್ಣು ಹದ್ದಿನ ಕಣ್ಣು. ಆಮೇಲೆ ನವನಗರದ ಮಕ್ಕಳ ಡಾಕ್ಟರು ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ, ರೋಗ ಅಲ್ಲ, ಬುದ್ಧಿಗೆ ಏನೂ ಆಗಿಲ್ಲ ಎಂದರು. ಎರಡೆರಡು ಒತ್ತಕ್ಷರ ಜಡಿದು, ಓದಲಾರದವರಿಗೆ ಇಂಥ ಹೆಸರು ಹುಡುಕಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಡಾಕ್ಟರು ಪರೀಕ್ಷೆಗೆ ಅದೇ ಊರಿನ ಮತ್ತೊಂದು ಕೇಂದ್ರಕ್ಕೆ ಕಳಿಸಿದರು. ಅಲ್ಲಿಯ ಪರೀಕ್ಷೆ ಇಂಗ್ಲಿಷಿನದು.

“ಕನ್ನಡ ಸಾಲಿ ಹುಡುಗಿರಿ ಇದು,” ಎಂದೆ.

“ಕನ್ನಡದ್ದು ನಮ್ಮಲ್ಲಿ ಇಲ್ರಿ ಯಜಮಾನ್ರ.”

ಕನ್ನಡ ಓದಲಾರದವಳನ್ನು ಇಂಗ್ಲಿಷಿನಲ್ಲಿ ನಾಪಾಸು ಮಾಡಿ, ಮೊಹರು ಒತ್ತಿ ಕಾಗದ ಕೊಟ್ಟರು. ಕಲಿಸುವುದೂ ಅಲ್ಲೇ: ಕಂಪ್ಯೂಟರಿನ ಮುಂದೆ ಕೂಡಿಸಿ ಏ ಬಿ ಸಿ ಡಿ ಆಟ. ಎಂಟು ತಿಂಗಳು ಪ್ರತಿ ಶನಿವಾರ ಸಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಹೋದೆವು. ಮೊದಲು ಅವಳಿಗೆ ಒಂದೇ ಭಾಷೆ ಓದಲು ಬರುತ್ತಿರಲಿಲ್ಲ. ಎಂಟು ತಿಂಗಳ ತರುವಾಯ ಎರಡು ಭಾಷೆ ಬರದಾದವು.

ಬಾದಾಮಿಯ ಬಾಯಾರ, ಅಂದರೆ ಒಬ್ಬ ಶಿಕ್ಷಕಿಯ, ಸುದ್ದಿ ಹೇಳಿದವರು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಒಬ್ಬ ತಾಯಿ. ಬಾಯಾರು ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವರು, ವಯಸ್ಸು ಮೂವತ್ತರ ಆಸುಪಾಸು, ಬಾಡಿಗೆ ಮನೆಯ ಪಡಸಾಲೆಯೇ ಸಾಲೆ. ನಮ್ಮ ಶನಿವಾರದ ಬಸ್ಸು ಬಾದಾಮಿಯ ಕಡೆ ತಿರುಗಿತು. ನಾನು ಅವರಿಗೆ ನನ್ನ ಪದ್ಧತಿಯನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಸರ, ನೀವು ಒಂದ ಉಪಕಾರ ಮಾಡ್ರಿ. ಓದಿ ತೋರಸಬ್ಯಾಡ್ರಿ” ಎಂದರು.

ಅಗಲ ತಾಟಿನಂಥ ಪರಾತದಲ್ಲಿ ಉಸುಕು ಹರವಿ, ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುತ್ತ, ಬಾಯಿಂದ ಅದರ ಧ್ವನಿ ಹೇಳಿಸುತ್ತಿದ್ದರು. ಒಂದು ಸಲಕ್ಕೆ ಎರಡೇ ಅಕ್ಷರ, ಅವೂ ಒಂದಕ್ಕೊಂದು ಹೋಲದಂಥವು. “ಮ, ಯ, ವ ಒಮ್ಮೆಗೇ ತೋರಸಬಾರದ್ರಿ. ಆಕಿಗೆ ಅವು ಒಬ್ಬಾಕಿ ಹೊಟ್ಟ್ಯಾಗ ಹುಟ್ಟಿದ ಮಕ್ಕಳಂಗ ಕಾಣ್ತಾವ.” ವರ್ಣಮಾಲೆಯ ಕ್ರಮವನ್ನು ಹೀಗೆ ಮುರಿಯುವುದು ನನಗೆ ಪಾಪವೆಂದು ತೋರಿತು.

ಐದನೆಯ ತಿಂಗಳು, ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಒಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಹಿಂದಿನಿಂದ ಅಂಗಿ ಜಗ್ಗಿದಳು.

“ಮುತ್ಯಾ, ಇದು ನಮ್ಮದಲ್ಲ. ಗ... ದ... ಗ. ಗದಗ!”

ಹಿಂದಿನಿಂದ ಓದಿದರೂ ಗದಗ ಗದಗವೇ. ಆದ್ದರಿಂದ ಇದನ್ನು ಪ್ರಮಾಣವೆಂದು ಪರಿಗಣಿಸಲಾಗದು ಎಂದು ನನ್ನೊಳಗಿನ ಮಾಸ್ತರ ಅಂದ. ಕಾಲು ಇಳಿಸಿದ ನಾನು ಮಾತ್ರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಅವಳು ಯಾರ ಬಾಯಿಯನ್ನೂ ನೋಡಿರಲಿಲ್ಲ.

ಇದೇ ಜಾಡಿನಲ್ಲಿ ಇನ್ನೆರಡು ವರ್ಷ ಬೇಕು ಎಂದಿದ್ದರು ಬಾಯಾರು. ಒಂಬತ್ತನೆಯ ತಿಂಗಳು ಅವರ ಯಜಮಾನರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಹೋಗುವಾಗ ಪರಾತ ನಮಗೆ ಕೊಟ್ಟು, ಏನೇನು ಮಾಡಬೇಕೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು. “ಎರಡನೇತ್ತಿ ಇದ್ದಾಗ ಬಂದಿದ್ರ...” ಎಂದು ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಎರಡನೆಯ ತರಗತಿಯಲ್ಲಿ ನಾನು ಮೊಮ್ಮಗಳ ಉಚ್ಚಾರ ತಿದ್ದುತ್ತಿದ್ದೆ.

ಫೋನಿನ ವಿಡಿಯೋದಲ್ಲಿ ನಾಲ್ಕು ವಾರ ಪಾಠ ನಡೆಯಿತು. ಆದರೆ ಅಲ್ಲಿ ಬಾಯಾರ ಬಾಯಿಯೇ ಕಾಣುತ್ತದಲ್ಲ! ಮೊಮ್ಮಗಳು ಅಕ್ಷರ ಬಿಟ್ಟು ಮತ್ತೆ ಮುಖವನ್ನೇ ಓದತೊಡಗಿದಳು. ಕೊನೆಗೆ ನಾನೇ ನೋಟ್‌ಬುಕ್ಕು ತೆರೆದು, ಪರಾತದ ಮುಂದೆ ಕುಳಿತೆ. ನಾನು ಎದುರಿಗಿದ್ದರೆ ಅವಳು ಉಸುಕಿನ ಮೇಲೆ ಬೆರಳಿಟ್ಟು ಎಳೆಯದೆ ಕುಳಿತಿರುತ್ತಿದ್ದಳು.

“ತಪ್ಪಿದ್ರ ತಪ್ಪಲಿ ಬಿಡವಾ, ನಾ ಬೈಯಂಗಿಲ್ಲ.”

“ನೀ ಬೈಯಂಗಿಲ್ಲ ಮುತ್ಯಾ. ತಿದ್ದತಿ.”

ನನ್ನ ಮೂವತ್ತೊಂದು ವರ್ಷದ ಮಾಸ್ತರಿಕೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವರ ಮುಖಗಳು ಆಮೇಲಾಮೇಲೆ ಒಂದೊಂದಾಗಿ ಬಂದವು. ಅವರಿಗೆ ನಾನಿಟ್ಟ ಬಿರುದುಗಳು ಸಂಸ್ಕೃತಭೂಯಿಷ್ಠವಾಗಿದ್ದವು; ಇಡೀ ವರ್ಗ ನಗುತ್ತಿತ್ತು. ಅವರಲ್ಲಿ ಎಷ್ಟು ಮಂದಿ ಹೀಗೆ ಕಿವಿಯಿಂದ ಓದುತ್ತಿದ್ದರೋ, ಈಗ ಯಾರನ್ನು ಕೇಳುವುದು?

ಪರಾತ ಅಡಿಗೆಮನೆಗೆ ಹೋಯಿತು. ಹುನಗುಂದದಲ್ಲಿ ವಿಚಾರಿಸಿದೆ, ಇಳಕಲ್ಲಿನಲ್ಲಿ ವಿಚಾರಿಸಿದೆ, ಬಾಗಲಕೋಟೆಯ ಅದೇ ಕಂಪ್ಯೂಟರಿನವರನ್ನೂ ನಾಚಿಕೆ ಬಿಟ್ಟು ಮತ್ತೊಮ್ಮೆ ಕೇಳಿದೆ. ಕನ್ನಡದಲ್ಲಿ ಕಲಿಸುವವರು ಸಿಗಲಿಲ್ಲ. ಮೊಮ್ಮಗಳು ಈ ಜೂನಿನಲ್ಲಿ ಆರನೆಯ ತರಗತಿಗೆ ಹೋದಳು. ಒತ್ತಕ್ಷರವಿಲ್ಲದ ಎರಡು ಮೂರು ಅಕ್ಷರದ ಶಬ್ದಗಳನ್ನು ಓದುತ್ತಾಳೆ. ವಾಕ್ಯ ಓದಲು ಬರುವುದಿಲ್ಲ.