ಕಾಯಿ ಎದ್ದ ಜಾಗ

ಆಗುವುದೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ಮಧುಗಿರಿಯಲ್ಲಿ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಮುಗಿಸಿ, ಇನ್ನು ನಕ್ಷತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆ ಎಂದು ನಾನು ಹೇಳಿದ ದಿನ ಅವರು ಜಗಲಿಯಿಂದಲೇ ಕೂಗಿದರು: "ನಿಮ್ಮಪ್ಪಂಗೆ ಕಾಲಡಿ ನೀರೇ ಕಾಣ್ಲಿಲ್ಲ. ನೀನು ಆಕಾಶದಾಗಿರೋದ ಕಂಡ್ಬುಡ್ತೀಯಾ? ಆಗಾಕಿಲ್ಲ ಬುಡಮ್ಮ."

ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬರೀ ಮಾತಿಗೆ ಹೆದರುವವಳಲ್ಲ. ಹೆದರಿಸಿದ್ದು ಆ ಮಾತಿನ ಹಿಂದಿದ್ದ ಒಂದು ಮಧ್ಯಾಹ್ನ.

ಅಪ್ಪ ಬೋರ್‌ವೆಲ್‌ಗೆ ಪಾಯಿಂಟ್ ನೋಡುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು. ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆಂದು ಕೊರಟಗೆರೆಯಿಂದ ಪಾವಗಡದವರೆಗೆ ಜನ ನಂಬುತ್ತಾರೆ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಮದಲೂರಿನ ಹತ್ತಿರ, ಕಾಯಿ ಒಂದು ಕಡೆ ಎದ್ದ ಮೇಲೆ, ಹೊಲದ ಯಜಮಾನರು ಅಪ್ಪನ ಕಣ್ಣಿಗೆ ಟವೆಲ್ ಕಟ್ಟಿಸಿ, ಎದುರು ಬದುವಿನಿಂದ ಇನ್ನೊಂದು ಸಲ ನಡೆಸಿದರು. ಕಾಯಿ ಎದ್ದಿತು. ಮೊದಲಿನ ಜಾಗದಲ್ಲಲ್ಲ, ಬಲು ಆಚೆ.

"ನೀರು ನೆಲದಾಗಿಲ್ಲ ಕಣಯ್ಯ, ನಿನ್ ಕೈಯಾಗೈತೆ" ಎಂದರು ಯಜಮಾನರು. ಜನ ಗೊಳ್ಳೆಂದು ನಕ್ಕರು. ನಗು ನಿಂತ ಮೇಲೂ ಅಪ್ಪ ಟವೆಲ್ ಬಿಚ್ಚಲಿಲ್ಲ. ನಾನೇ ಹೋಗಿ ಬಿಚ್ಚಿದೆ. ಆಮೇಲೆ ಅವರು ಕಾಯಿ ಹಿಡಿಯಲಿಲ್ಲ. ಕಡಲೆಕಾಯಿ ಮಿಲ್ಲಿಗೆ ಸೇರಿಕೊಂಡರು.

ಪಿಎಚ್.ಡಿ.ಗೆ ನನ್ನ ಪಾಲಿಗೆ ಬಂದ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು, ಪಕ್ಕದ ನಕ್ಷತ್ರದ ಅನಿಲ ಎಳೆದುಕೊಳ್ಳುತ್ತ ಸೆಕೆಂಡಿಗೆ ನೂರಾರು ಸಲ ಸುತ್ತುತ್ತಿತ್ತು. ಬೀಳುವ ಅನಿಲ ಕಾದು ಎಕ್ಸ್-ರೇ ಹೊರಡುತ್ತದೆ. ಆ ಕಿರಣಗಳು ಎಲ್ಲ ದಿಕ್ಕಿಗೂ ಸಮನಾಗಿ ಅದುರದೆ ಒಂದು ದಿಕ್ಕಿಗೆ ಹೆಚ್ಚು ಅದುರಿದರೆ ಅದೇ ಧ್ರುವೀಕರಣ. ಅದನ್ನು ಅಳೆದರೆ ನಕ್ಷತ್ರ ಯಾವ ಕಡೆ ವಾಲಿದೆಯೆಂದು ಹೇಳಬಹುದು. ಉಪಗ್ರಹ ಕಳಿಸಿದ ಅಂಕಿಗಳಲ್ಲಿ ನನಗೆ ಆ ದಿಕ್ಕು ಕಂಡಿತ್ತು, ತೀರ ಸಣ್ಣಗೆ.

ಗೈಡ್ ಮೇಡಂ ನೋಡಿ ಕೇಳಿದರು: "ಇದು ನಕ್ಷತ್ರದ್ದೋ, ನಮ್ಮ ಉಪಕರಣದ್ದೋ? ಉಪಕರಣವೂ ಸುಳ್ಳು ದಿಕ್ಕು ತೋರಿಸುತ್ತಮ್ಮ. ಉಪಗ್ರಹವನ್ನ ಬೇರೆ ಮಗ್ಗುಲಿಗೆ ತಿರುಗಿಸಿ ಇನ್ನೊಂದು ಸಲ ನೋಡಿಸೋಣ. ದಿಕ್ಕು ಆಕಾಶದಲ್ಲಿ ಅಲ್ಲೇ ಇದ್ದರೆ ನಕ್ಷತ್ರದ್ದು. ಉಪಕರಣದ ಜೊತೆ ತಿರುಗಿದರೆ..."

ತಿರುಗಿದರೆ ನನ್ನ ಥೀಸಿಸ್ಸೇ ಇಲ್ಲ. ಬೀಳುವ ಅನಿಲ ಕಡಿಮೆಯಾಗಿ ನಕ್ಷತ್ರ ಬೇರೆ ದಿನೇದಿನೇ ಮಂಕಾಗುತ್ತಿತ್ತು; ಮೂರನೆಯ ಸಲ ನೋಡಲು ಸಿಗುವಂತಿರಲಿಲ್ಲ. ಕೀಲಿಮಣೆಯ ಮೇಲಿದ್ದ ನನ್ನ ಕೈಯನ್ನು ನಾನೇ ನಂಬದಾದೆ.

ಅಪ್ಪ ಫೋನ್ ಮಾಡಿದರು. "ಯಾಕ್ ಮಗಾ, ದನಿ ಹಿಂಗೈತೆ?"

"ಇನ್ನೊಂದ್ ಸಲ ನೋಡ್ತಾವ್ರೆ ಅಪ್ಪ. ಬೇರೆ ಕಡೆಯಿಂದ."

"ಮಿಲ್ಲಾಗೆ ಕರೀತಾವ್ರೆ" ಎಂದು ಅಪ್ಪ ಫೋನ್ ಇಟ್ಟುಬಿಟ್ಟರು. ಅವರು ಧೈರ್ಯ ಹೇಳಲಿಲ್ಲ. ಅವರಿಗೂ ಭಯವಾಗಿದೆಯೆಂದು ತಿಳಿಯಿತು.

ಹೊಸ ಅಂಕಿಗಳು ಬಂದ ಬೆಳಿಗ್ಗೆ ಲೆಕ್ಕ ಓಡಿಸಿ, ಪರದೆಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತುಬಿಟ್ಟೆ. ಮೇಡಂ ಬಂದು ನನ್ನ ಕುರ್ಚಿಯಲ್ಲಿ ಕುಳಿತರು. ಬೈಸಿಕೊಳ್ಳಲು ಸಿದ್ಧಳಾದೆ.

"ತಿರುಗಿ ನೋಡೇ," ಎಂದರು. "ಅಲ್ಲೇ ಇದೆ."

ನಂಬಿಕೆ ಬರಲಿಲ್ಲ. ಥೀಸಿಸ್ಸಿನ ಮೌಖಿಕ ಪರೀಕ್ಷೆಯ ದಿನವೂ ಯಾರಾದರೂ ಕಣ್ಣಿಗೆ ಟವೆಲ್ ಕಟ್ಟಿಯಾರೆಂದೇ ಹೆದರುತ್ತಿದ್ದೆ.

ಸರ್ಟಿಫಿಕೇಟ್ ತಂದಾಗ ದೊಡ್ಡಪ್ಪ ಜಗಲಿಯಲ್ಲೇ ಇದ್ದರು. "ಡಾಕ್ಟ್ರಮ್ಮ ಬಂದ್ಲು, ಮಂಡಿನೋವಿಗೆ ಮಾತ್ರೆ ಕೇಳ್ರಪ್ಪ" ಎಂದರೂ ಸರಿದು ಜಾಗ ಬಿಟ್ಟರು. ಅಪ್ಪ ಕೈ ತೊಳೆದು ಬಂದು, ಎರಡೂ ಅಂಗೈ ಚಾಚಿದರು. ಅವುಗಳ ಮೇಲೆ ಸರ್ಟಿಫಿಕೇಟ್ ಇಟ್ಟೆ. ಅವರಿಗೆ ಓದಲು ಬಾರದು.

"ಎರಡ್ನೇ ಸಲಾನೂ ಅಲ್ಲೇ ಎದ್ದಿತ್ತಾ?" ಎಂದರು.

"ಅಲ್ಲೇ ಅಪ್ಪ."

ದೊಡ್ಡಪ್ಪನ ಕಡೆ ತಿರುಗಿ ಅಪ್ಪ ಮೆಲ್ಲಗೆ ಹೇಳಿದರು: "ಕೇಳ್ದಾ ಅಣ್ಣಾ? ಇವಳ್ದು ಕೈಯಾಗಿರ್ಲಿಲ್ಲ, ಆಕಾಶದಾಗೇ ಇತ್ತು."